ಕನ್ಸೋಲ್ ಆಟದ ಧಂದೆಗೆ ಇಳಿಗಾಲ ಬಂದಿದೆಯೇ?



ಕಳೆದ ತಿಂಗಳು ಒಂದು ಭಾನುವಾರ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ನಮ್ಮ ಸದಸ್ಯರ ಮನೆಯ ಅಕ್ಕನವರೊಬ್ಬರು ಬಂದರು. ಅವರ ಮಗ ಹನ್ನೆರಡನೆಯ ಇಯತ್ತೆ ಮುಗಿಸಿದ್ದಾನೆ. ವಿಡಿಯೋ ಗೇಮ್ ತಯಾರಿಸುವ ವಿದ್ಯೆ ಕಲಿಸುವ ಶಾಲೆಯೊಂದನ್ನು ಸೇರಬೇಕೆಂದು ಹಟ ಹಿಡಿದಿದ್ದಾನೆ. ಅದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆಯಬೇಕು. "ತಮ್ಮಾ, ಆ ಆಟದ ಪೆಟ್ಟಿಗೆಯ ಧಂದೆನೇ ಮುಗೀಲಿಕ್ಕೆ ಬಂದದ ಅಂತ ನಮ್ಮ ಮೈದುನ ಹೇಳತಾರ. ಬತ್ತೋ ಬಾವಿಗೆ ಸಾಲ ಮಾಡಿ ಹಗ್ಗ ತರಬೇಕೇನು?" ಎಂದು ಕೇಳಿದರು. "ಅಕ್ಕಾ, ತಿಳಿಯದೆ ಹೇಳಬಾರದು. ನಾಲ್ಕು ವಾರ ಕೊಡಿರಿ, ಓದಿ ಹೇಳುತ್ತೇನೆ" ಎಂದೆ.

ನಾನು ಮೆಟ್ರಿಕ್ ತನಕ ಓದಿದವನು, ನೂಲಿನ ಗಿರಣಿಯಲ್ಲಿ ಗುಮಾಸ್ತ. ಈ ಆಟಗಳ ಪಂಡಿತನಲ್ಲ. ಆದರೆ ಜಮಾ-ಖರ್ಚಿನ ಪುಸ್ತಕ ಓದುವುದು ನನ್ನ ದಿನನಿತ್ಯದ ಕೆಲಸ. ಧಂದೆ ಯಾವುದೇ ಇರಲಿ, ಮಾಲು ಮಾಡಲು ಎಷ್ಟು ಖರ್ಚು, ಕೊಳ್ಳುವವರು ಎಷ್ಟು ಜನ, ಕೈಯಲ್ಲಿ ಉಳಿಯುವುದೆಷ್ಟು ಎಂಬ ಮೂರು ಮಾತು ತಿಳಿದರೆ ಅದರ ಆರೋಗ್ಯ ತಿಳಿಯುತ್ತದೆ. ಆ ದೃಷ್ಟಿಯಿಂದ ನಾನು ಓದಿ ತಿಳಿದದ್ದನ್ನು ಇಲ್ಲಿ ಪಾಠದಂತೆ ಕ್ರಮವಾಗಿ ಬರೆದಿದ್ದೇನೆ.

೧. ಕನ್ಸೋಲ್ ಎಂದರೇನು?

ಟಿ.ವಿ.ಗೆ ಜೋಡಿಸಿ ಆಟವಾಡುವುದಕ್ಕೆಂದೇ ಮಾಡಿದ ಸಣ್ಣ ಕಂಪ್ಯೂಟರಿಗೆ ಕನ್ಸೋಲ್ ಎನ್ನುತ್ತಾರೆ. ಕಂಪ್ಯೂಟರು ಮತ್ತು ಫೋನು ಹತ್ತು ಕೆಲಸ ಮಾಡುತ್ತವೆ. ಇದಕ್ಕೆ ಆಟವೇ ಮುಖ್ಯ ಕೆಲಸ. ಮನೆಯಲ್ಲಿ ಆಡುವ ಇಂಥ ಮೊದಲ ಪೆಟ್ಟಿಗೆ ೧೯೭೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ. ಅದರ ಹಿಂದಿದ್ದ ಎಂಜಿನಿಯರು ರಾಲ್ಫ್ ಬೇರ್. ೧೯೭೭ರಲ್ಲಿ ಅಟಾರಿ ಕಂಪನಿಯ ಪೆಟ್ಟಿಗೆ ಬಂದಿತು. ಆಟವನ್ನು ಬೇರೆ ಕಾರ್ಟ್ರಿಜಿನಲ್ಲಿ ತುಂಬಿ, ಬೇಕಾದಾಗ ಬದಲಾಯಿಸುವ ಪದ್ಧತಿ ಜನಪ್ರಿಯವಾದದ್ದು ಅದರಿಂದ.

ನನ್ನ ವಯಸ್ಸಿನವರಿಗೆ ೧೯೯೦ರ ದಶಕದ ಕೊನೆಯಲ್ಲಿ ಬಜಾರಿನಲ್ಲಿ ಸಿಗುತ್ತಿದ್ದ ಅಗ್ಗದ ಟಿ.ವಿ. ಗೇಮ್ ನೆನಪಿರಬಹುದು. ಒಂದೇ ಕಾರ್ಟ್ರಿಜಿನಲ್ಲಿ ಸಾವಿರಾರು ಆಟಗಳಿವೆ ಎಂದು ಮೇಲೆ ಬರೆದಿರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ತಿರುಗಿ ತಿರುಗಿ ಬರುತ್ತಿದ್ದವು. ಅವು ಹೆಚ್ಚಾಗಿ ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲುಗಳು. ೨೦೨೫ರ ಹೊತ್ತಿಗೆ ಈ ಧಂದೆಯಲ್ಲಿ ಮುಖ್ಯವಾಗಿ ಉಳಿದಿದ್ದವರು ಮೂವರು: ಜಪಾನಿನ ಸೋನಿ ಮತ್ತು ನಿಂಟೆಂಡೊ, ಅಮೆರಿಕದ ಮೈಕ್ರೋಸಾಫ್ಟ್. ಇವರ ಪೆಟ್ಟಿಗೆಗಳ ಹೆಸರು ಅನುಕ್ರಮವಾಗಿ ಪ್ಲೇಸ್ಟೇಷನ್, ಸ್ವಿಚ್ ಮತ್ತು ಎಕ್ಸ್‌ಬಾಕ್ಸ್.

೨. ಒಮ್ಮೆ ನಿಜವಾಗಿ ಮುಳುಗಿತ್ತು

ಇಳಿಗಾಲ ಎಂಬ ಮಾತು ಈ ಧಂದೆಗೆ ಹೊಸದಲ್ಲ. ೧೯೮೩ರಲ್ಲಿ ಅಮೆರಿಕದಲ್ಲಿ ಇದು ನಿಜವಾಗಿಯೂ ಕುಸಿದು ಬಿದ್ದಿತ್ತು. ಆ ವರ್ಷ ಅಲ್ಲಿ ಮನೆಯ ವಿಡಿಯೋ ಆಟಗಳ ವ್ಯಾಪಾರ ಸುಮಾರು ೩೨೦ ಕೋಟಿ ಡಾಲರು ಇದ್ದದ್ದು, ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿಯಿತೆಂದು ಹೇಳುತ್ತಾರೆ. ನೂರು ರೂಪಾಯಿಯ ಅಂಗಡಿ ಮೂರು ರೂಪಾಯಿಗೆ ಇಳಿದಂತಾಯಿತು.

ಇದಕ್ಕೆ ಕಾರಣವೇನು? ಆಗ ಅಟಾರಿ ಪೆಟ್ಟಿಗೆಗೆ ಯಾರು ಬೇಕಾದರೂ ಕಾರ್ಟ್ರಿಜ್ ಮಾಡಿ ಮಾರಬಹುದಾಗಿತ್ತು. ಲಾಭದ ವಾಸನೆ ಹಿಡಿದು ಅನೇಕರು ನುಗ್ಗಿದರು. ಅಂಗಡಿಗಳಲ್ಲಿ ಕಳಪೆ ಆಟಗಳು ರಾಶಿಬಿದ್ದವು. ಒಂದು ಪ್ರಸಿದ್ಧ ಸಿನೆಮಾದ ಹೆಸರಿನಲ್ಲಿ ಬಂದ 'ಇ.ಟಿ.' ಎಂಬ ಆಟವನ್ನು ಐದಾರು ವಾರಗಳಲ್ಲಿ ಅವಸರದಿಂದ ಮಾಡಿ, ೧೯೮೨ರ ಹಬ್ಬದ ಮಾರಾಟಕ್ಕೆ ಇಳಿಸಿದರು. ಖರ್ಚಾಗದೆ ಉಳಿದ ಮಾಲನ್ನು ಅಟಾರಿಯವರು ೧೯೮೩ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿದರು. ಇದು ಕಟ್ಟುಕತೆ ಎನ್ನುವವರೂ ಇದ್ದರು. ೨೦೧೪ರಲ್ಲಿ ಅಗೆದು ನೋಡಿದಾಗ ಕಾರ್ಟ್ರಿಜುಗಳು ಸಿಕ್ಕವು. ಇನ್ನೊಂದು ಕಡೆ ಮನೆಯ ಕಂಪ್ಯೂಟರುಗಳ ಬೆಲೆ ಬೇಗ ಇಳಿಯಿತು. ಗಿರಾಕಿಯ ನಂಬಿಕೆ ಹೋಯಿತು, ಅಂಗಡಿಯವನ ನಂಬಿಕೆಯೂ ಹೋಯಿತು.

ಆದರೆ ಅದೇ ೧೯೮೩ರ ಜುಲೈಯಲ್ಲಿ ಜಪಾನಿನಲ್ಲಿ ನಿಂಟೆಂಡೊ ತನ್ನ ಫ್ಯಾಮಿಕಾಮ್ ಯಂತ್ರವನ್ನು ಹೊರತಂದಿತ್ತು. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಲು ಹುಟ್ಟಿದ ಕಂಪನಿ ಇದು. ೧೯೮೫ರಲ್ಲಿ ಅದೇ ಯಂತ್ರ ಹೆಸರು ಬದಲಿಸಿ ಅಮೆರಿಕಕ್ಕೆ ಹೋಯಿತು. ಅಟಾರಿಯ ತಪ್ಪು ಮರುಕಳಿಸದಂತೆ ನಿಂಟೆಂಡೊ ಪೆಟ್ಟಿಗೆಯೊಳಗೆ ಬೀಗದಂಥ ಒಂದು ಚಿಪ್ಪು ಇಟ್ಟಿತು. ಅಪ್ಪಣೆಯಿಲ್ಲದವರ ಕಾರ್ಟ್ರಿಜ್ ಅದರಲ್ಲಿ ನಡೆಯುತ್ತಿರಲಿಲ್ಲ. ಅಪ್ಪಣೆ ಪಡೆದ ಕಂಪನಿಯೂ ಅಲ್ಲಿ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿರಲಿಲ್ಲ. ಆ ಯಂತ್ರ ಜಗತ್ತಿನಲ್ಲಿ ೬ ಕೋಟಿಗೂ ಮೇಲೆ ಮಾರಾಟವಾಯಿತು.

ಇದರಿಂದ ಕಲಿಯಬೇಕಾದ ಮೊದಲ ಪಾಠ: ೧೯೮೩ರಲ್ಲಿ ಆಟದ ಆಸೆ ಸತ್ತಿರಲಿಲ್ಲ, ಸತ್ತದ್ದು ನಂಬಿಕೆ. ನಂಬಿಕೆ ಮರಳಿದೊಡನೆ ವ್ಯಾಪಾರವೂ ಮರಳಿತು.

೩. ಪೆಟ್ಟಿಗೆ ಅಗ್ಗ, ಆಟ ತುಟ್ಟಿ

ಈಗ ಈ ಧಂದೆಯ ಮೂಲ ಲೆಕ್ಕವನ್ನು ನೋಡೋಣ. ಪೆಟ್ಟಿಗೆಯನ್ನು ಅಸಲಿಗೆ ಅಥವಾ ಅಸಲಿಗಿಂತಲೂ ಕಡಿಮೆಗೆ ಕೊಟ್ಟು, ಆಮೇಲೆ ಆಟಗಳ ಮೇಲೆ ಲಾಭ ಪಡೆಯುವುದು ಇಲ್ಲಿ ಬಹುಕಾಲ ನಡೆದುಬಂದ ರೂಢಿ. ಹೊರಗಿನವರು ಮಾಡಿದ ಆಟ ಕಂಪನಿಯ ಅಂಗಡಿಯಲ್ಲಿ ಮಾರಾಟವಾದರೆ, ನೂರರಲ್ಲಿ ಸುಮಾರು ಮೂವತ್ತು ಪಾಲು ಪೆಟ್ಟಿಗೆಯ ಕಂಪನಿಗೆ ಸೇರುತ್ತದೆ. ಎಕ್ಸ್‌ಬಾಕ್ಸ್ ಪೆಟ್ಟಿಗೆಯ ಮಾರಾಟವೊಂದರಿಂದಲೇ ಎಂದೂ ಲಾಭ ಬಂದಿಲ್ಲವೆಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ೨೦೨೧ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು.

ಈ ಲೆಕ್ಕ ಸರಿಹೋಗುವುದಕ್ಕೆ ಎರಡು ಅನುಕೂಲಗಳು ಬೇಕು. ಒಂದು, ವರ್ಷ ಕಳೆದಂತೆ ಪೆಟ್ಟಿಗೆ ಮಾಡುವ ಖರ್ಚು ಇಳಿಯಬೇಕು. ಎರಡು, ಕೊಳ್ಳುವವರ ಸಂಖ್ಯೆ ಏರುತ್ತಿರಬೇಕು. ಸೋನಿಯ ಎರಡನೆಯ ಪ್ಲೇಸ್ಟೇಷನ್ ಇದಕ್ಕೆ ಒಳ್ಳೆಯ ಉದಾಹರಣೆ. ೨೦೦೦ದಲ್ಲಿ ಅಮೆರಿಕದಲ್ಲಿ ಅದರ ಬೆಲೆ ಸುಮಾರು ೩೦೦ ಡಾಲರು, ೨೦೦೨ರಲ್ಲಿ ೨೦೦, ೨೦೦೯ರಲ್ಲಿ ೧೦೦. ಬೆಲೆ ಇಳಿದ ಹಾಗೆಲ್ಲ ಹೊಸ ಮನೆಗಳಿಗೆ ಹೋಯಿತು. ಸಿನೆಮಾದ ಡಿವಿಡಿಯನ್ನೂ ಅದರಲ್ಲೇ ಹಾಕಿ ನೋಡಬಹುದಾಗಿತ್ತು. ಕೊನೆಗೆ ಒಟ್ಟು ಮಾರಾಟ ಸುಮಾರು ೧೬ ಕೋಟಿ ಆಯಿತು.

೪. ಈಗ ಎಲ್ಲಿ ತಪ್ಪಿದೆ?

ಮೊದಲನೆಯ ಅನುಕೂಲ ಕೈಬಿಟ್ಟಿದೆ. ಐದನೆಯ ಪ್ಲೇಸ್ಟೇಷನ್ ೨೦೨೦ರಲ್ಲಿ ಅಮೆರಿಕದಲ್ಲಿ ಸುಮಾರು ೫೦೦ ಡಾಲರಿಗೆ ಬಂದಿತು. ಐದು ವರ್ಷದ ಮೇಲೆ, ೨೦೨೫ರ ಆಗಸ್ಟಿನಲ್ಲಿ, ಇಳಿಯುವ ಬದಲು ಸುಮಾರು ೫೫೦ಕ್ಕೆ ಏರಿತು. ಎಕ್ಸ್‌ಬಾಕ್ಸಿನ ದೊಡ್ಡ ಪೆಟ್ಟಿಗೆ ಅದೇ ವರ್ಷದಲ್ಲಿ ಎರಡು ಸಲ ಏರಿ ೫೦೦ರಿಂದ ೬೫೦ ಮುಟ್ಟಿತು. ನಮ್ಮ ದೇಶದಲ್ಲಿಯೂ ೨೦೨೧ರಲ್ಲಿ ೪೯,೯೯೦ ರೂಪಾಯಿಗೆ ಬಂದ ಪ್ಲೇಸ್ಟೇಷನ್ ೨೦೨೨ರ ನವೆಂಬರಿನಲ್ಲಿ ೫೪,೯೯೦ ಆಯಿತು. ಹಿಂದೆ ಚಿಪ್ಪುಗಳು ಸಣ್ಣದಾದಂತೆ ಅಗ್ಗವೂ ಆಗುತ್ತಿದ್ದವು. ಈಗ ಅತಿ ಸೂಕ್ಷ್ಮ ಚಿಪ್ಪು ಮಾಡುವ ಕಾರ್ಖಾನೆಗಳಿಗೆ ಹಿಡಿಯುವ ಬಂಡವಾಳ ವಿಪರೀತ, ಹೀಗಾಗಿ ಬೆಲೆ ಹಿಂದಿನಂತೆ ಇಳಿಯುವುದಿಲ್ಲ. ಅದರ ಮೇಲೆ ೨೦೨೫ರಲ್ಲಿ ಅಮೆರಿಕದ ಆಮದು ಸುಂಕವೂ ಸೇರಿತು.

ಎರಡನೆಯ ಅನುಕೂಲವೂ ನಿಂತಲ್ಲೇ ನಿಂತಿದೆ. ಸೋನಿಯ ಪೆಟ್ಟಿಗೆಗಳ ಮಾರಾಟವನ್ನು ಸಾಲಾಗಿ ಬರೆದು ನೋಡಿರಿ: ಮೊದಲನೆಯದು ಸುಮಾರು ೧೦ ಕೋಟಿ, ಎರಡನೆಯದು ೧೬ ಕೋಟಿ, ಮೂರನೆಯದು ಸುಮಾರು ೮.೭ ಕೋಟಿ, ನಾಲ್ಕನೆಯದು ಸುಮಾರು ೧೧.೭ ಕೋಟಿ. ಐದನೆಯದು ೨೦೨೫ರಲ್ಲಿ ೮ ಕೋಟಿ ದಾಟಿತು. ಇದು ಕುಸಿತವೇನೂ ಅಲ್ಲ. ಆದರೆ ೨೦೦೦ದಲ್ಲಿ ಹುಟ್ಟಿದ ಯಂತ್ರದ ದಾಖಲೆಯನ್ನು ಅದರ ಮುಂದಿನ ತಲೆಮಾರುಗಳು ಮುರಿಯಲಿಲ್ಲ. ಕೆರೆ ಬತ್ತಿಲ್ಲ, ಆದರೆ ಹೊಸ ನೀರು ಬರುತ್ತಿಲ್ಲ.

ಇತ್ತ ಆಟ ಮಾಡುವ ಖರ್ಚು ಮಾತ್ರ ಬೆಳೆಯುತ್ತಲೇ ಇದೆ. ೨೦೨೦ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗಕ್ಕೆ ಸುಮಾರು ೨೨ ಕೋಟಿ ಡಾಲರು ಖರ್ಚಾಗಿತ್ತು. ಸುಮಾರು ೨೦೦ ಜನ ಆರು ವರ್ಷದ ಹತ್ತಿರ ದುಡಿದಿದ್ದರು. ಇದು ೨೦೨೩ರಲ್ಲಿ ಅಮೆರಿಕದ ನ್ಯಾಯಾಲಯದ ಕಾಗದಗಳಿಂದ ಹೊರಬಿದ್ದ ಸಂಗತಿ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಹೊರಗಿನ ಕಂಪನಿಯೊಂದು ಇಷ್ಟೇ ಖರ್ಚಿನಲ್ಲಿ ಆಟ ಮಾಡಿತೆಂದು ಇಟ್ಟುಕೊಳ್ಳಿರಿ. ಬೆಲೆ ೭೦ ಡಾಲರು. ಅದರಲ್ಲಿ ಮೂವತ್ತು ಪಾಲು ಪೆಟ್ಟಿಗೆಯವರಿಗೆ, ಎಂದರೆ ೨೧ ಡಾಲರು. ಉಳಿದದ್ದು ೪೯. ಇಪ್ಪತ್ತೆರಡು ಕೋಟಿಯನ್ನು ನಲವತ್ತೊಂಬತ್ತರಿಂದ ಭಾಗಿಸಿದರೆ ಸುಮಾರು ೪೫ ಲಕ್ಷ. ಅಷ್ಟು ಪ್ರತಿ ಪೂರ್ಣ ಬೆಲೆಗೆ ಮಾರಾಟವಾದ ಮೇಲೆಯೇ ಅಸಲು ಕೈಗೆ ಬರುತ್ತದೆ. ಜಾಹೀರಾತಿನ ಖರ್ಚು, ತೆರಿಗೆ ಬೇರೆ.

ಆ ೪೫ ಲಕ್ಷ ಗಿರಾಕಿಗಳೂ ಖಾಲಿ ಕೂತಿಲ್ಲ. ೨೦೧೧ರ 'ಮೈನ್‌ಕ್ರಾಫ್ಟ್', ೨೦೧೩ರ ಐದನೆಯ 'ಗ್ರಾಂಡ್ ಥೆಫ್ಟ್ ಆಟೋ', ೨೦೧೭ರ 'ಫೋರ್ಟ್‌ನೈಟ್' ಇವುಗಳನ್ನೇ ವರ್ಷಾನುಗಟ್ಟಲೆ ಆಡುವವರು ಬಹಳ. ಹೊಸ ಆಟವು ಇನ್ನೊಂದು ಹೊಸ ಆಟದೊಡನೆ ಮಾತ್ರವಲ್ಲ, ಹತ್ತು ವರ್ಷದ ಹಳೆಯ ಆಟದೊಡನೆಯೂ ಕಾದಾಡಬೇಕು. ಸೋನಿಯ 'ಕಾಂಕಾರ್ಡ್' ಎಂಬ ಆಟ ೨೦೨೪ರ ಆಗಸ್ಟ್ ೨೩ಕ್ಕೆ ಬಂದು, ಆಡುವವರಿಲ್ಲದೆ ಸೆಪ್ಟೆಂಬರ್ ೬ಕ್ಕೆ ಮುಚ್ಚಿತು. ಕೊಂಡವರಿಗೆ ಹಣ ಮರಳಿಸಿದರು. ಅಕ್ಟೋಬರಿನಲ್ಲಿ ಅದನ್ನು ಮಾಡಿದ ಸಂಸ್ಥೆಯನ್ನೂ ಮುಚ್ಚಿದರು.

೫. ಫೋನು ಮತ್ತು ದೂರದ ಯಂತ್ರ

"ಫೋನು ಬಂದ ಮೇಲೆ ಕನ್ಸೋಲ್ ಯಾರಿಗೆ ಬೇಕು?" ಎಂದು ಕೇಳುವವರುಂಟು. ೨೦೨೦ರ ನಂತರದ ವರ್ಷಗಳಲ್ಲಿ ಜಗತ್ತಿನ ಆಟದ ವ್ಯಾಪಾರದಲ್ಲಿ ಸುಮಾರು ಅರ್ಧ ಫೋನಿನದು, ಕನ್ಸೋಲಿನದು ಸುಮಾರು ಕಾಲುಭಾಗ. ನಮ್ಮ ದೇಶದ ಮಟ್ಟಿಗಂತೂ ಜನ ಕನ್ಸೋಲನ್ನು ದಾಟಿ ನೇರವಾಗಿ ಫೋನಿಗೆ ಹೋದರು. ೨೦೧೬ರ ನಂತರ ಇಂಟರ್‌ನೆಟ್ ಅಗ್ಗವಾಯಿತು. ಹೇಗೂ ಕೈಯಲ್ಲಿರುವ ಫೋನಿನಲ್ಲಿ ಪುಕ್ಕಟೆ ಆಟ ಸಿಗುವಾಗ, ಐವತ್ತು ಸಾವಿರದ ಪೆಟ್ಟಿಗೆಯನ್ನೂ ಐದು ಸಾವಿರದ ಆಟವನ್ನೂ ಕೊಳ್ಳುವ ಮನೆಗಳು ಎಷ್ಟಿರಲು ಸಾಧ್ಯ?

ಆದರೆ ಫೋನು ಕನ್ಸೋಲಿನ ಹಳೆಯ ಗಿರಾಕಿಯನ್ನು ಕಿತ್ತುಕೊಂಡದ್ದಕ್ಕಿಂತ, ಹಿಂದೆ ಎಂದೂ ಆಡದವರನ್ನು ಆಟಕ್ಕೆ ಎಳೆದದ್ದೇ ಹೆಚ್ಚು. ೨೦೧೨ರಲ್ಲಿ ನಿಂಟೆಂಡೊದ ವಿ-ಯು ಎಂಬ ಪೆಟ್ಟಿಗೆ ಬಂದು, ಬರಿಯ ೧.೩೬ ಕೋಟಿ ಮಾರಾಟವಾಗಿ ಸೋತಿತು. ಆಗಲೂ "ಫೋನಿನ ಮುಂದೆ ನಿಂಟೆಂಡೊ ಮುಗಿಯಿತು" ಎಂದು ಬರೆದವರಿದ್ದರು. ಅದೇ ಕಂಪನಿ ೨೦೧೭ರಲ್ಲಿ ತಂದ ಸ್ವಿಚ್ ೧೫ ಕೋಟಿ ದಾಟಿತು. ೨೦೨೫ರ ಜೂನ್ ೫ಕ್ಕೆ ಬಂದ ಎರಡನೆಯ ಸ್ವಿಚ್ ನಾಲ್ಕೇ ದಿನಗಳಲ್ಲಿ ೩೫ ಲಕ್ಷ ಮಾರಾಟವಾಯಿತು.

ಇನ್ನೊಂದು ಭವಿಷ್ಯವೂ ಸುಳ್ಳಾಯಿತು. ದೂರದ ಊರಿನ ದೊಡ್ಡ ಯಂತ್ರದಲ್ಲಿ ಆಟ ನಡೆದು, ಚಿತ್ರ ಮಾತ್ರ ಇಂಟರ್‌ನೆಟ್ ಮೂಲಕ ಮನೆಗೆ ಬರುವುದು, ಆದುದರಿಂದ ಪೆಟ್ಟಿಗೆಯೇ ಬೇಡ ಎಂದು ಗೂಗಲ್ ೨೦೧೯ರಲ್ಲಿ ಸ್ಟೇಡಿಯ ಎಂಬುದನ್ನು ಆರಂಭಿಸಿತು. ಅಷ್ಟು ದೊಡ್ಡ ಕಂಪನಿಯೇ ೨೦೨೩ರ ಜನವರಿಯಲ್ಲಿ ಅದನ್ನು ಮುಚ್ಚಿತು.

ಹಾಗಾದರೆ ಪೆಟ್ಟಿಗೆಯವರು ಸುಖವಾಗಿದ್ದಾರೆಯೇ? ಎಲ್ಲರೂ ಅಲ್ಲ. ಮೈಕ್ರೋಸಾಫ್ಟ್ ೨೦೨೩ರಲ್ಲಿ ೬,೮೭೦ ಕೋಟಿ ಡಾಲರಿನ ಒಪ್ಪಂದದಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ ಎಂಬ ದೊಡ್ಡ ಆಟದ ಕಂಪನಿಯನ್ನು ಕೊಂಡಿತು. ಅದರ ಮರುವರ್ಷವೇ, ಹಿಂದೆ ತನ್ನ ಪೆಟ್ಟಿಗೆಗೆಂದು ಕಾದಿರಿಸಿದ್ದ ಆಟಗಳನ್ನು ಎದುರಾಳಿ ಸೋನಿಯ ಪೆಟ್ಟಿಗೆಗೂ ಕೊಡಲು ತೊಡಗಿತು. ಪೆಟ್ಟಿಗೆಗಿಂತ ಆಟವನ್ನು ಎಲ್ಲೆಡೆ ಮಾರುವುದೇ ಲಾಭವೆಂದು ಕಂಡಿರಬೇಕು. ಹಿಂದೆ ಜಪಾನಿನ ಸೇಗಾ ಕಂಪನಿಯೂ ೨೦೦೧ರಲ್ಲಿ ಪೆಟ್ಟಿಗೆ ಮಾಡುವುದನ್ನು ಬಿಟ್ಟು, ಆಟ ಮಾಡುವುದನ್ನು ಮುಂದುವರಿಸಿ ಬದುಕಿತು.

೬. ಗಿರಣಿಯಿಂದ ಒಂದು ಪಾಠ

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಲು ಅಪ್ಪಣೆ ಇರಲಿ. ನಮ್ಮ ತಂದೆಯವರು ಮುಂಬಯಿಯ ಗಿರಣಿಯೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದರು. ೧೯೮೨ರ ಜನವರಿ ೧೮ರಂದು ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ನಮ್ಮ ತಂದೆಯವರು ಅದರಲ್ಲಿ ಒಬ್ಬರು. ಮರಳಿ ಕರೆಯಲಿಲ್ಲ. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಷ್ಟಾದರೂ ಜನ ಬಟ್ಟೆ ಉಡುವುದನ್ನು ಬಿಟ್ಟರೇ? ಬಟ್ಟೆ ಭಿವಂಡಿಯ, ಇಚಲಕರಂಜಿಯ ವಿದ್ಯುತ್ ಮಗ್ಗಗಳಿಂದ ಬರತೊಡಗಿತು. ಬಟ್ಟೆಯ ಧಂದೆ ಉಳಿಯಿತು, ಮಾಲೀಕರಿಗೆ ಜಾಗದ ಬೆಲೆ ಉಳಿಯಿತು. ಉಳಿಯದೆ ಹೋದದ್ದು ಮಗ್ಗದ ಮುಂದೆ ನಿಂತವನ ಕೆಲಸ. "ಬಟ್ಟೆಗೆ ಇಳಿಗಾಲ ಬರಲಿಲ್ಲಪ್ಪಾ, ನಮಗೆ ಬಂತು" ಎಂದು ಅವರು ಹೇಳುತ್ತಿದ್ದರು.

ಆದುದರಿಂದ "ಧಂದೆಗೆ ಇಳಿಗಾಲವೇ?" ಎಂದು ಯಾರಾದರೂ ಕೇಳಿದರೆ, "ಯಾರಿಗೆ?" ಎಂದು ನಾವು ತಿರುಗಿ ಕೇಳಬೇಕು. ಆಡುವವನಿಗೆ ಆಟಗಳ ಬರವಿಲ್ಲ. ಮಾಲೀಕನು ಈ ಪೆಟ್ಟಿಗೆ ನಡೆಯದಿದ್ದರೆ ಬೇರೆ ದಾರಿ ಹಿಡಿಯುತ್ತಾನೆ. ಪೆಟ್ಟು ಬೀಳುವುದು ದುಡಿಯುವವನಿಗೆ. ೨೦೨೪ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಆಟದ ವಿಭಾಗದಲ್ಲಿ ೧,೯೦೦ ಜನರನ್ನು ತೆಗೆಯಿತು. ಫೆಬ್ರುವರಿಯಲ್ಲಿ ಸೋನಿ ಸುಮಾರು ೯೦೦ ಜನರನ್ನು ತೆಗೆಯಿತು. ಆಟ ಗೆದ್ದರೂ, ಮುಂದಿನ ಆಟದ ಖರ್ಚಿಗೆ ಹೆದರಿ ಜನರನ್ನು ಇಳಿಸುತ್ತಾರೆ.

೭. ನನಗೆ ತೋಚಿದ ಉತ್ತರ

ಕನ್ಸೋಲ್ ಆಟದ ಧಂದೆ ೧೯೮೩ರಂತೆ ಮುಳುಗುತ್ತಿಲ್ಲ. ಗಿರಾಕಿ ಇದ್ದಾನೆ, ನಂಬಿಕೆಯೂ ಇದೆ. ಆದರೆ ಅಗ್ಗದ ಪೆಟ್ಟಿಗೆ, ಬೆಳೆಯುವ ಗಿರಾಕಿ ಎಂಬ ಹಳೆಯ ಲೆಕ್ಕಕ್ಕೆ ಮಾತ್ರ ಇಳಿಗಾಲ ಬಂದಿದೆ. ಎಲ್ಲರ ಮನೆಗೆ ಹೋಗಬೇಕಿದ್ದ ವಸ್ತು ಉಳ್ಳವರ ಮನೆಯ ವಸ್ತುವಾಗುತ್ತಿದೆ. ನೂರಾರು ಜನ ಆರು ವರ್ಷ ದುಡಿದು ಒಂದೇ ಆಟದ ಮೇಲೆ ಎಲ್ಲವನ್ನೂ ಪಣಕ್ಕಿಡುವ ಪದ್ಧತಿ ಬಹಳ ದಿನ ನಡೆಯಲಾರದು.

ಸಣ್ಣವರಿಗೆ ಇದರಲ್ಲಿ ಜಾಗವಿಲ್ಲವೇ? ಇದೆ. 'ಸ್ಟಾರ್ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟವನ್ನು ಎರಿಕ್ ಬರೋನ್ ಎಂಬಾತ ಒಬ್ಬನೇ ನಾಲ್ಕು ವರ್ಷಕ್ಕೂ ಮೇಲೆ ದುಡಿದು ೨೦೧೬ರಲ್ಲಿ ಹೊರತಂದ. ಅದು ೪ ಕೋಟಿಗೂ ಹೆಚ್ಚು ಮಾರಾಟವಾಗಿದೆ. ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ ನಮ್ಮ ಪುರಾಣಗಳ ಛಾಯೆಯಲ್ಲಿ 'ರಾಜಿ' ಎಂಬ ಆಟ ಮಾಡಿ, ೨೦೨೦ರ ಆಗಸ್ಟಿನಲ್ಲಿ ಸ್ವಿಚ್ ಪೆಟ್ಟಿಗೆಗೆ ತಂದಿತು. ಬರೋನ್ ಕಂಡಂಥ ಯಶಸ್ಸು ಲಕ್ಷಕ್ಕೊಬ್ಬರಿಗೆ ಎಂಬುದನ್ನೂ ಮರೆಯಬಾರದು. ಆದರೂ ಪುಣೆಯಲ್ಲಿ ಕುಳಿತು ಜಪಾನಿನ ಪೆಟ್ಟಿಗೆಗೆ ಆಟ ಮಾಡಬಹುದೆಂಬುದು ಸುಳ್ಳಲ್ಲ.

ಅಕ್ಕನವರಿಗೆ ನಾನು ಹೇಳಿದ್ದಿಷ್ಟು: "ಅಕ್ಕಾ, ಬಾವಿ ಬತ್ತಿಲ್ಲ, ಆದರೆ ನೀರು ಆಳಕ್ಕೆ ಹೋಗಿದೆ. ಮಗನ ಆಸೆಯನ್ನು ಮುರಿಯಬೇಡಿರಿ. ಮೊದಲು ಗಣಿತ, ಪ್ರೋಗ್ರಾಮಿಂಗ್, ಚಿತ್ರಕಲೆ ಇವುಗಳಲ್ಲಿ ಅವನ ಕೈ ಯಾವುದರಲ್ಲಿ ಓಡುತ್ತದೆಯೋ ನೋಡಿರಿ. ಅದನ್ನು ಸಾಧಾರಣ ಕಾಲೇಜಿನಲ್ಲಿ ಭದ್ರವಾಗಿ ಕಲಿಯಲಿ. ಅದು ಆಟಕ್ಕೂ ಬರುತ್ತದೆ, ಬೇರೆ ನೌಕರಿಗೂ ಬರುತ್ತದೆ. ಸಂಜೆ ಹೊತ್ತು ಮನೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಆಟವನ್ನು ತಾನೇ ಮಾಡಿ ಮುಗಿಸಲಿ. ಮುಗಿಸಿದನಾದರೆ, ಸಾಲದ ಮಾತು ಆಮೇಲೆ." ಹುಡುಗ ಪಕ್ಕದಲ್ಲೇ ನಿಂತಿದ್ದ. "ಎಷ್ಟು ಸಣ್ಣ ಆಟ, ಮಾಮಾ?" ಎಂದು ಕೇಳಿದ. ಐದು ನಿಮಿಷದ್ದಾದರೂ ಸಾಕು, ಆದರೆ ಪೂರ್ತಿ ಆಗಿರಬೇಕು ಎಂದೆ. ದೀಪಾವಳಿಯೊಳಗೆ ತಂದು ವಾಚನಾಲಯದ ಕಂಪ್ಯೂಟರಿನಲ್ಲಿ ತೋರಿಸುತ್ತೇನೆಂದು ಹೇಳಿ ಹೋಗಿದ್ದಾನೆ.

ಅಭ್ಯಾಸ ಮಂಡಲದಲ್ಲಿ ಚರ್ಚೆಗೆ ಪ್ರಶ್ನೆಗಳು

೧. ೧೯೮೩ರ ಕುಸಿತಕ್ಕೂ ಇಂದಿನ ತೊಂದರೆಗೂ ಇರುವ ಮುಖ್ಯ ಭೇದವೇನು?
೨. ಬೆಲೆ ೫೦ ಡಾಲರು, ಪೆಟ್ಟಿಗೆಯವರ ಪಾಲು ನೂರಕ್ಕೆ ಮೂವತ್ತು, ತಯಾರಿಕೆಯ ಖರ್ಚು ೭ ಕೋಟಿ ಡಾಲರು ಆದರೆ ಅಸಲು ಹುಟ್ಟಲು ಎಷ್ಟು ಪ್ರತಿ ಮಾರಬೇಕು? (ಉತ್ತರ: ೨೦ ಲಕ್ಷ.)
೩. ನಿಮ್ಮ ಮನೆಯವರು ದುಡಿದ ಒಂದು ಧಂದೆಯನ್ನು ತೆಗೆದುಕೊಳ್ಳಿರಿ. ಅದಕ್ಕೆ ಇಳಿಗಾಲ ಬಂದಾಗ ಮಾಲು, ಮಾಲೀಕ, ಕೆಲಸಗಾರ, ಈ ಮೂವರಲ್ಲಿ ಯಾರಿಗೆ ಏನಾಯಿತೆಂಬುದನ್ನು ಹಿರಿಯರಿಂದ ಕೇಳಿ ಬರೆದು ತನ್ನಿರಿ.